ಎಲಾಡಿಯೊನನ್ನು ಕೊಟ್ಟುಬಿಡಿ

ಆ ಜುಲೈನಲ್ಲಿ ನನ್ನ ಗಂಡ ವೆಂಡೆಲ್ ರೇಡಿಯೊಗೆ ಫೋನ್ ಮಾಡಿ, ನಮ್ಮ ಮನೆಯಲ್ಲೇ ಉಂಡು ಮಲಗುತ್ತಿದ್ದ ಹುಡುಗನನ್ನು ಬೇರೆ ತಂಡಕ್ಕೆ ಕೊಟ್ಟುಬಿಡಿ ಎಂದು ಇಡೀ ಒಹಾಯೊ ರಾಜ್ಯಕ್ಕೆ ಕೇಳುವ ಹಾಗೆ ಹೇಳಿದ.

ಹುಡುಗ ಎಲಾಡಿಯೊ, ಡೊಮಿನಿಕನ್ ದೇಶದವನು. ಇಪ್ಪತ್ತು ತುಂಬಿತ್ತು. ನಮ್ಮ ಕಾರ್ಬೆಟ್ ಊರಿನ ಚಿಕ್ಕ ಬೇಸ್‌ಬಾಲ್ ತಂಡದಲ್ಲಿ ಶಾರ್ಟ್‌ಸ್ಟಾಪ್ ಆಗಿ, ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಜಾಗ ಕಾಯುತ್ತಿದ್ದ. ಸರೋವರದ ದಂಡೆಯ ದೊಡ್ಡ ಊರಿನಲ್ಲಿರುವ ಫೆರಿಮೆನ್ ತಂಡಕ್ಕೆ ಹುಡುಗರನ್ನು ಬೆಳೆಸಿ ಕಳಿಸುವುದೇ ಈ ಚಿಕ್ಕ ತಂಡದ ಕೆಲಸ. ಅವರಿಗೆ ಸಿಗುವ ಸಂಬಳಕ್ಕೆ ಬಾಡಿಗೆ ಕೋಣೆಯೂ ದಕ್ಕುವುದಿಲ್ಲ. ಹಾಗಾಗಿ ಊರಿನವರು ಒಬ್ಬೊಬ್ಬರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ. ಎಲಾಡಿಯೊ ನನ್ನನ್ನು ಅಮ್ಮ ಎನ್ನುತ್ತಿದ್ದ. ವೆಂಡೆಲ್‌ನನ್ನು ತಮಾಷೆಗೆ ಯಜಮಾನ್ರೇ ಎನ್ನುತ್ತಿದ್ದ.

ವೆಂಡೆಲ್ ಶಾಲಾ ಬಸ್ಸುಗಳ ಮೆಕ್ಯಾನಿಕ್. ಫೆರಿಮೆನ್ ಕೊನೆಯ ಸಲ ಪಟ್ಟ ಗೆದ್ದಾಗ ಅವನಿನ್ನೂ ಹುಟ್ಟಿರಲಿಲ್ಲ. ಎಲಾಡಿಯೊ ನಮ್ಮಲ್ಲಿದ್ದ ಆ ವರ್ಷ ತಂಡ ಎಲ್ಲರಿಗಿಂತ ಮುಂದಿತ್ತು. ಇದ್ದ ಕೊರತೆ ಒಂದೇ, ಕೊನೆಯ ಇನ್ನಿಂಗ್ಸ್‌ನಲ್ಲಿ ಬಂದು ಚೆಂಡೆಸೆದು ಪಂದ್ಯ ಮುಗಿಸಿಕೊಡುವ ಪಿಚರ್. ಸೋತು ಸುಣ್ಣವಾಗಿದ್ದ ಇನ್ನೊಂದು ತಂಡ ಡಾಸೆಟ್ ಎಂಬ ಅಂಥವನನ್ನು ಕೊಡಲು ಸಿದ್ಧವಿತ್ತು. ಬದಲಿಗೆ ಇಬ್ಬರು ಎಳೆಯರನ್ನು ಕೇಳಿತ್ತು, ಅದರಲ್ಲಿ ಮೊದಲನೆಯವನು ಎಲಾಡಿಯೊ. ಫೆರಿಮೆನ್ ಮುಖ್ಯಸ್ಥ ಹಾಲಿಸ್ ಮಾತ್ರ ದಿನಾ ಪತ್ರಿಕೆಯಲ್ಲಿ ಒಂದೇ ರಾಗ ಎಳೆಯುತ್ತಿದ್ದ: ನಾವು ಭವಿಷ್ಯವನ್ನು ಬಿಟ್ಟುಕೊಡುವುದಿಲ್ಲ.

ಅಂದು ಅಡುಗೆಮನೆಯಲ್ಲಿ ಎಲಾಡಿಯೊ ಅನ್ನ, ಕಾಳಿನ ಸಾರು ಹಾಕಿಕೊಂಡು ಕೂತಿದ್ದ. ರೇಡಿಯೊ ಹಚ್ಚಿತ್ತು. ವೆಂಡೆಲ್‌ನ ದನಿ ಹಿತ್ತಿಲ ಮೆಟ್ಟಿಲಿನಿಂದ ಒಮ್ಮೆ ಕೇಳಿಸಿತು, ಸ್ವಲ್ಪ ತಡೆದು ರೇಡಿಯೊದಿಂದ ಮತ್ತೊಮ್ಮೆ.

"ಭವಿಷ್ಯ, ಭವಿಷ್ಯ ಅಂತ ನಮ್ಮಪ್ಪನಿಗೂ ಹೇಳಿದ್ರಿ. ಕಾದು ಕಾದು ಅವನು ಮಣ್ಣಿಗೆ ಹೋದ. ಈಗ ನನಗೆ ಹೇಳ್ತಿದೀರ. ನೀವು ಕೂಡಿಟ್ಟ ಹುಡುಗರಲ್ಲಿ ಎಷ್ಟು ಜನ ಮೇಲೆ ಬಂದ್ರು? ಉಳಿದೋರು ಎಲ್ಲಿಗೆ ಹೋದ್ರು ಅಂತ ಯಾರಾದ್ರೂ ಕೇಳಿದೀರಾ? ಪಂದ್ಯ ಶುರು ಮಾಡಿಕೊಡೋ ನಮ್ಮ ಗ್ರೇಡಿ ಟೋಲನ್‌ಗೆ ವಯಸ್ಸಾಯ್ತು. ಅವನ ತೋಳಲ್ಲಿ ಉಳಿದಿರೋದು ಇದೊಂದೇ ವರ್ಷ. ಅವನಂಥ ಪಿಚರ್‌ನ ಇಟ್ಕೊಂಡು ಈಗ ಗೆಲ್ಲದೆ ಇನ್ಯಾವಾಗ ಗೆಲ್ತೀರಿ? ಎಲಾಡಿಯೊನ ಕೊಟ್ಟುಬಿಡಿ, ಇನ್ನೊಬ್ಬನ್ನೂ ಕೊಡಿ. ಡಾಸೆಟ್‌ನ ಕರ್ಕೊಂಡು ಬನ್ನಿ."

ನನ್ನ ಮೈಯೆಲ್ಲ ಉರಿದುಹೋಯಿತು. ಅವನು ಒಳಗೆ ಬರುವುದನ್ನೇ ಕಾಯುತ್ತಿದ್ದೆ.

"ನಾಚಿಕೆ ಆಗಲ್ವೇನೋ ನಿನಗೆ? ಮಗು ಇಲ್ಲೇ ಕೂತು ಊಟ ಮಾಡ್ತಿದೆ."

"ನಾನೇನು ಸುಳ್ಳು ಹೇಳಿದ್ನಾ?"

"ಹಳೇ ಟೈರ್ ಬದಲಾಯಿಸೋ ಹಾಗೆ ಮಾತಾಡ್ದೆ ಅವನ ಬಗ್ಗೆ. ನಿನಗೊಂದು ಕಪ್ ಬೇಕು ಅಂತ ಇವನು ಗಂಟುಮೂಟೆ ಕಟ್ಬೇಕಾ?"

ಎಲಾಡಿಯೊ ಚಮಚ ಕೆಳಗಿಟ್ಟ. "ಅಮ್ಮ, ಬೈಬೇಡಿ. ಯಜಮಾನ್ರು ಸರಿಯಾಗೇ ಹೇಳಿದ್ರು."

ಇಬ್ಬರೂ ಅವನ ಕಡೆ ತಿರುಗಿದೆವು.

"ಮೇಲೆ ಫೆರಿಮೆನ್‌ನಲ್ಲಿ ನನ್ನ ಜಾಗದಲ್ಲಿ ಲ್ಯಾಂಡ್ರಿ ಇದಾನೆ. ಮೊನ್ನೆ ತಾನೇ ಅವನಿಗೆ ಆರು ವರ್ಷದ ಒಪ್ಪಂದ ಬರೆದುಕೊಟ್ರು. ಅವನ ಕಾಲು ಮುರೀಲಿ ಅಂತ ನಾನು ಚರ್ಚಲ್ಲಿ ಮೇಣದಬತ್ತಿ ಹಚ್ಲಾ? ಡಾಸೆಟ್ ಇರೋ ತಂಡದಲ್ಲಿ ಆ ಜಾಗ ಖಾಲಿ ಬಿದ್ದಿದೆ. ಅಲ್ಲಿಗೆ ಹೋದ್ರೆ ಬರೋ ಬೇಸಿಗೆಗೆ ನಾನು ದೊಡ್ಡ ಮೈದಾನದಲ್ಲಿ ಆಡ್ತಿರ್ತೀನಿ. ಇಲ್ಲಿದ್ರೆ ಊರೂರು ತಿರುಗೋ ತಂಡದ ಬಸ್ಸಲ್ಲಿ ನಿದ್ದೆ ಮಾಡ್ಕೊಂಡು ಮುದುಕ ಆಗ್ತೀನಿ."

"ಮತ್ತೆ ಅದನ್ನ ಅವರಿಗೆ ಹೇಳಬಾರ್ದಾ?" ಎಂದೆ.

"ನನ್ನನ್ನ ಯಾರು ಕೇಳ್ತಾರಮ್ಮ?"

ವೆಂಡೆಲ್ ಗೆದ್ದವನ ಹಾಗೆ ನನ್ನನ್ನು ನೋಡಲಿಲ್ಲ. ಎಲಾಡಿಯೊ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಹುಡುಗನಿಗೂ ಇದೇ ಬೇಕಾಗಿರಬಹುದು ಎಂಬುದು ಅವನಿಗೂ ಹೊಳೆದಿರಲಿಲ್ಲ.

ಅದಲುಬದಲಿಗೆ ಜುಲೈ ಕೊನೆಯ ದಿನ ಸಂಜೆ ನಾಲ್ಕರ ಗಡುವು. ಎಲಾಡಿಯೊ ಬೆಳಿಗ್ಗೆಯೇ ಸೂಟ್‌ಕೇಸ್ ತುಂಬಿ ಬಾಗಿಲ ಬಳಿ ಇಟ್ಟ. ನಾನು ಅವನ ದಾರಿಗೆಂದು ಸ್ಯಾಂಡ್‌ವಿಚ್ ಕಟ್ಟಿದೆ. ವೆಂಡೆಲ್ ಕೆಲಸಕ್ಕೆ ರಜೆ ಹಾಕಿ ಫೋನಿನ ಹತ್ತಿರವೇ ಸುಳಿದಾಡುತ್ತಿದ್ದ. ನಾಲ್ಕಾಯಿತು, ಫೋನ್ ರಿಂಗಾಗಲಿಲ್ಲ. ಸ್ವಲ್ಪ ಹೊತ್ತಿಗೆ ಟಿವಿಯಲ್ಲಿ ಹಾಲಿಸ್ ಕಾಣಿಸಿಕೊಂಡು, ತಾಳ್ಮೆಯೇ ನಮ್ಮ ಶಕ್ತಿ ಎಂದ. ಡಾಸೆಟ್ ನಮ್ಮ ಎದುರಾಳಿಗಳ ಪಾಲಾಗಿದ್ದ.

ಎಲಾಡಿಯೊ ಸೂಟ್‌ಕೇಸನ್ನು ಕೋಣೆಗೆ ಹೊತ್ತುಕೊಂಡು ಹೋದ. ಆ ಸ್ಯಾಂಡ್‌ವಿಚ್ಚನ್ನೇ ತಿನ್ನುತ್ತಾ ನಮ್ಮೂರಿನ ಮೈದಾನಕ್ಕೆ ಹೊರಟ. ವೆಂಡೆಲ್ ಹಿಂದಿನ ದಿನವಷ್ಟೇ ಕತ್ತರಿಸಿದ್ದ ಹುಲ್ಲಿನ ಮೇಲೆ ಮತ್ತೆ ಯಂತ್ರ ಓಡಿಸತೊಡಗಿದ. ಕತ್ತಲಾಗುವವರೆಗೂ ನಿಲ್ಲಿಸಲಿಲ್ಲ.

ಅಕ್ಟೋಬರಿನಲ್ಲಿ ಫೆರಿಮೆನ್ ಕೊನೆಯ ಪಂದ್ಯದವರೆಗೂ ಹೋಯಿತು. ಗ್ರೇಡಿ ಟೋಲನ್ ತೋಳಿಗೆ ಏನಾದರೂ ಆಗಲಿ ಎಂಬಂತೆ ಎಸೆದ. ಒಂದು ರನ್ ಮುಂದಿಟ್ಟು ಮೈದಾನ ಬಿಟ್ಟ. ಮುಗಿಸಲು ಬಂದದ್ದು ಆ ವಾರವಿಡೀ ಎಸೆದು ದಣಿದಿದ್ದವನು. ಅವನೆಸೆದ ಚೆಂಡನ್ನು ಎದುರಾಳಿ ನೆಟ್ಟಗೆ ಬೇಲಿಯಾಚೆ ಹೊಡೆದ. ನಮ್ಮ ಆಟ ಅಲ್ಲಿಗೆ ಮುಗಿಯಿತು. ಕ್ಯಾಮೆರಾ ಟೋಲನ್ ಕಡೆ ತಿರುಗಿದಾಗ ಅವನು ತಲೆಯ ಮೇಲೆ ಟವೆಲ್ ಎಳೆದುಕೊಂಡಿದ್ದ. ಮತ್ತೆಂದೂ ಅವನು ಆಡಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಎಲಾಡಿಯೊ ನಮ್ಮಲ್ಲಿಗೇ, ಅದೇ ಕೋಣೆಗೆ ಬಂದ. ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಅಂಥ ಕೊರೆಯುವ ಚಳಿಯಲ್ಲಿ ಒಂದು ಸಂಜೆ ಮೈದಾನದ ಮೂಲೆಯಿಂದ ಚೆಂಡೆತ್ತಿ ದೂರದ ಮೊದಲ ಬೇಸ್‌ಗೆ ಎಸೆದವನು ಭುಜ ಹಿಡಿದು ಕೂತುಬಿಟ್ಟ. ಶಸ್ತ್ರಚಿಕಿತ್ಸೆ ಆಯಿತು. ಆ ಬೇಸಿಗೆಯೆಲ್ಲ ಅವನ ಅಂಗಿಯ ಗುಂಡಿ ನಾನೇ ಹಾಕಿದೆ. ಡಿಸೆಂಬರಿನಲ್ಲಿ ಅವನ ಹೆಸರನ್ನು ನೆಟ್ಟಗೆ ಉಚ್ಚರಿಸಲೂ ಬಾರದ ಯಾರೋ ಫೋನ್ ಮಾಡಿ, ನೀನಿನ್ನು ಬೇಡ ಎಂದರು. ಅವರು ಬಿಟ್ಟುಕೊಡಲಾರೆವು ಎಂದಿದ್ದ ಭವಿಷ್ಯ ಅದು.

ಜನವರಿಯಲ್ಲಿ ದೊಡ್ಡ ಊರಿನ ಹೋಟೆಲಿನಲ್ಲಿ ಫೆರಿಮೆನ್ ಅಭಿಮಾನಿಗಳ ಸಭೆ ಕರೆದಿತ್ತು. ದಾರಿಯುದ್ದಕ್ಕೂ ವೆಂಡೆಲ್ ತಾನು ಕೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದ. ವೇದಿಕೆ ಮೇಲೆ ಹಾಲಿಸ್ ಹೊಸ ಹುಡುಗರ ಚಿತ್ರಗಳನ್ನು ತೋರಿಸಿ ತಾಳ್ಮೆಯ ಬಗ್ಗೆ ಮಾತಾಡಿದ. ಮೈಕ್ ವೆಂಡೆಲ್ ಕೈಗೆ ಬಂತು. ಅವನು ಎದ್ದು ನಿಂತ, ಬಾಯಿ ತೆರೆದ. ದನಿ ಹೊರಡಲಿಲ್ಲ. ಅವನ ಕಿವಿ ಕೆಂಪಾಯಿತು. ನಾನು ಮೈಕ್ ಕಿತ್ತುಕೊಂಡೆ.

"ಎಲಾಡಿಯೊ ನಮ್ಮನೇಲಿದ್ದ," ಎಂದೆ. "ನೀವು ಅವನನ್ನ ಕೊಟ್ಟಿದ್ರೆ ಗೆಲ್ತಾ ಇದ್ವೋ ಇಲ್ವೋ ನನಗೆ ಗೊತ್ತಿಲ್ಲ. ಆದ್ರೆ ಟೋಲನ್‌ಗೆ ಬೆನ್ನ ಹಿಂದೆ ಒಬ್ಬ ಇರ್ತಿದ್ದ. ಹುಡುಗನಿಗೆ ಆಡೋಕೆ ಒಂದು ಜಾಗ ಇರ್ತಿತ್ತು. ನೀವು ಇಬ್ಬರನ್ನೂ ಕೊಳೆಯೋಕೆ ಬಿಟ್ರಿ, ಅದಕ್ಕೆ ತಾಳ್ಮೆ ಅಂತ ಹೆಸರಿಟ್ರಿ. ಸೋತ್ರೆ ನಿಮಗೇನ್ರೀ ಹೋಗೋದು? ಮುಂದಿನ ವರ್ಷವೂ ನಿಮ್ಮ ಕುರ್ಚಿ ನಿಮಗೇ. ಹೋಗೋದು ಅವರ ತೋಳು, ಅವರ ವಯಸ್ಸು."

"ಮೇಡಂ, ನಿಮ್ಮಂಥ ಅಭಿಮಾನಿಗಳೇ ನಮ್ಮ ಆಸ್ತಿ," ಎಂದ ಹಾಲಿಸ್, ನಗುತ್ತಾ.

"ನಾನು ನಿಮ್ಮ ಆಸ್ತಿ ಅಲ್ಲ. ಕೇಳಿದ್ದಕ್ಕೆ ಉತ್ತರ ಕೊಡಿ."

ಅಷ್ಟರಲ್ಲಿ ಮೈಕ್ ಬಂದ್ ಮಾಡಿದರು. ಹಿಂದಿನ ಸಾಲಿನಿಂದ ಚಪ್ಪಾಳೆ ಬಂತು, ಯಾರೋ ಶಿಳ್ಳೆ ಹೊಡೆದರು. ಹಾಲಿಸ್ ನಮ್ಮ ಪಕ್ಕ ಕೂತಿದ್ದವನ ಕಡೆ ಬೆರಳು ತೋರಿಸಿ, ಮುಂದಿನ ಪ್ರಶ್ನೆ ಎಂದ. ನಾವು ಎದ್ದು ಹೊರಗೆ ಬಂದೆವು. ಕಾರಿನಲ್ಲಿ ವೆಂಡೆಲ್, "ನಾನು ಇದಕ್ಕಿಂತ ಚೆನ್ನಾಗಿ ಹೇಳ್ತಿದ್ದೆ," ಎಂದ. ಇನ್ನೊಂದು ದಿನವಾಗಿದ್ದರೆ ನಗು ಬರುತ್ತಿತ್ತೇನೋ.

ಎಲಾಡಿಯೊ ಈಗ ಮೆಕ್ಸಿಕೊದ ಒಂದು ಸಣ್ಣ ತಂಡದಲ್ಲಿದ್ದಾನೆ. ಎರಡನೇ ಬೇಸ್ ಕಾಯುತ್ತಾನೆ. ಅಲ್ಲಿಂದ ಅಷ್ಟು ದೂರ ಎಸೆಯಬೇಕಿಲ್ಲ. ಆಗಾಗ ಫೋನ್ ಮಾಡಿ ಆಟದ ಬಗ್ಗೆ ವೆಂಡೆಲ್ ಜೊತೆ ಜಗಳವಾಡುತ್ತಾನೆ.

ಈ ವಸಂತದಲ್ಲಿ ಚಿಕ್ಕ ತಂಡದ ಕಚೇರಿಯ ಹೆಂಗಸು ಫೋನ್ ಮಾಡಿ, ಮತ್ತೊಬ್ಬ ಹುಡುಗನನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಳು. "ತುಂಬಾ ಭರವಸೆಯ ಹುಡುಗ," ಎಂದಳು.

"ಆ ಮಾತು ನನ್ನ ಹತ್ರ ಆಡ್ಬೇಡ," ಎಂದೆ. "ಅವನು ಏನು ತಿಂತಾನೆ, ಅಷ್ಟು ಹೇಳು."