ಗಾಯಾಳುವಿನ ಜೊತೆ ಮಾತು

ಅಣ್ಣ ತಂಗಿ ನೆಲದ ಮೇಲೆ ಎದುರುಬದುರು ಕೂತು ಬ್ಯಾಂಡೇಜು ಸುತ್ತುತ್ತಿದ್ದರು. ಅವನು ಒಂದು ತುದಿಯನ್ನು ಎಳೆದು ಹಿಡಿದರೆ ಅವಳು ಇನ್ನೊಂದು ತುದಿಯಿಂದ ಉರುಳೆ ಮಾಡುತ್ತಾ ಬರುವಳು. ಆರು ಉರುಳೆ ಮುಗಿದರೂ ಇಬ್ಬರ ಬಾಯಿಂದ ಒಂದು ಮಾತಿಲ್ಲ. ಜಗಳವೇನೂ ಅಲ್ಲ, ಆ ಮನೆಯಲ್ಲಿ ಮಾತೆಲ್ಲ ಅಪ್ಪನ ಪಾಲು. ಅವರು ಬಸ್ ಕಂಡಕ್ಟರ್. ದಿನವಿಡೀ ಕೂಗಿ ಬಂದ ಮೇಲೂ ಬಾಯಿಗೆ ಬೀಗ ಬೀಳುತ್ತಿರಲಿಲ್ಲ. ಮಗಳನ್ನು ಗುಮ್ಮನಗುಸಕಿ ಎಂದು ಕರೆದು ಕರೆದು ಸಾಕಾಗಿ, ಈಗ ಬರೀ ಗುಸಕಿ ಎನ್ನುತ್ತಿದ್ದರು. ಮಗ ಅವಳಿಗಿಂತ ಒಂದು ಕೈ ಮೇಲು. ನೌಕಾಪಡೆ ಸೇರಿ, ಹಡಗಿನಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ತರಬೇತಿಯಲ್ಲಿದ್ದವನು ಒಂಬತ್ತು ದಿನದ ರಜೆಗೆ ಬಂದಿದ್ದ. ನಾಳೆ ಬೆಳಿಗ್ಗೆ ಹೊರಡಬೇಕು.

ಬರುವಾಗ ತರಬೇತಿ ಕೇಂದ್ರದವರು ‘ಮನೆಯವರು ತಿಳಿದಿರಬೇಕಾದದ್ದು’ ಎಂಬ ಹಾಳೆಯೊಂದನ್ನು ಕೊಟ್ಟು ಕಳಿಸಿದ್ದರು. ಅಪ್ಪ ಅದನ್ನು ಟಿಕೆಟ್ ಕೇಳುವ ದನಿಯಲ್ಲೇ ಓದಿದ್ದರು. ನಿಮ್ಮ ಹುಡುಗ ಡಾಕ್ಟರಲ್ಲ, ಅವನಿಂದ ಔಷಧಿ ಬರೆಸಿಕೊಳ್ಳಬೇಡಿ. ಆದರೆ ಚಿಕ್ಕ ಹಡಗಿನಲ್ಲಿ ಡಾಕ್ಟರೇ ಇಲ್ಲದಿರಬಹುದು, ಆಗ ಮೊದಲು ಓಡಿ ಬರಬೇಕಾದವನು ಇವನೇ. ಅಭ್ಯಾಸಕ್ಕೆ ನಿಮ್ಮ ಕೈಕಾಲು ಕೇಳಿದರೆ ಇಲ್ಲವೆನ್ನಬೇಡಿ. ಯಾವ ಹಡಗು, ಯಾವ ಕಡೆ ಎಂದು ಕೇಳಬೇಡಿ. ಮೊದಲ ಸಾಲನ್ನು ಅಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಮಾರನೇ ದಿನವೇ ಅಮ್ಮನ ಮಾತು ಕೇಳಿ ಎದುರುಮನೆಯ ಅಜ್ಜಿ ಮೊಣಕಾಲು ಹಿಡಿದುಕೊಂಡು ಬಂದು ಕೂತರು. ಆಸ್ಪತ್ರೆಗೆ ಹೋಗಿ ಎಂಬ ಎರಡು ಪದ ಹೇಳಲು ಅಣ್ಣ ಕಾಲು ಗಂಟೆ ತೆಗೆದುಕೊಂಡ.

ಹಾಳೆಯಲ್ಲಿ ಇಲ್ಲದ ಒಂದು ಸಂಗತಿ ಗುಸಕಿಗೆ ಮಾತ್ರ ಗೊತ್ತಿತ್ತು. ಅಣ್ಣ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದ. ರಕ್ತ ನಿಲ್ಲಿಸುವ ಪಟ್ಟಿಯನ್ನು ನಲವತ್ತು ಸೆಕೆಂಡಿನ ಗಡುವಿನೊಳಗೇ ಬಿಗಿದು, ಬಿಗಿದ ಸಮಯವನ್ನು ಅದರ ಮೇಲೆ ಬರೆದು, ಉಸಿರಾಟ ನೋಡಿದ್ದ. ಕೈಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಗಾಯಾಳುವಾಗಿ ಮಲಗಿದವನೊಡನೆ ಒಂದು ಮಾತೂ ಆಡಿರಲಿಲ್ಲ. ಹೆಣಕ್ಕೆ ಕಟ್ಟಿದ ಹಾಗೆ ಕಟ್ಟಿದೆಯಲ್ಲ ಅಂದರಂತೆ ಶಿಕ್ಷಕರು. ಏನು ಮಾಡುತ್ತಿದ್ದೀಯ ಎಂದು ಗಾಯಾಳುವಿಗೆ ಹೇಳುತ್ತಲೇ ಇರಬೇಕು, ಅವನ ಧೈರ್ಯ ನಿಲ್ಲುವುದೇ ನಿನ್ನ ದನಿಯ ಮೇಲೆ. ಸೋಮವಾರ ಮರುಪರೀಕ್ಷೆ. ಅದೂ ಹೋದರೆ ಈ ವಿಭಾಗದಿಂದಲೇ ಹೊರಗೆ. ಡೆಕ್ಕಿನ ಮೇಲೆ ಹಗ್ಗ ಎಳೆಯುವುದು, ಬಣ್ಣ ಬಳಿಯುವುದು. ಇವಳ ಬಾಯಿಂದ ಹೊರಬೀಳುವುದಿಲ್ಲ ಎಂದು ತಂಗಿಗಷ್ಟೇ ಹೇಳಿದ್ದ.

ಗುಸಕಿ ಕೊನೆಯ ಉರುಳೆಯನ್ನು ಕೆಳಗಿಟ್ಟು ಒಲೆಯ ಹತ್ತಿರ ಹೋದಳು. ಹದಿನಾಲ್ಕಕ್ಕೇ ಶಾಲೆ ಬಿಟ್ಟು ಬೀದಿಯ ತುದಿಯ ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕೆ ನಿಂತವಳು ಅವಳು. ಡಬ್ಬಿಯಲ್ಲಿದ್ದ, ಕೂದಲು ಕೀಳುವ ವ್ಯಾಕ್ಸನ್ನು ಕರಗಿಸಿ ತಂದು, ಅಣ್ಣನ ತೋಳಿಗೆ ಹಚ್ಚಿ, ಬಟ್ಟೆ ಒತ್ತಿ, ತುಟಿಪಿಟಕ್ಕೆನ್ನದೆ ಸರಕ್ಕನೆ ಎಳೆದಳು. ಅಣ್ಣನ ಕೂಗಿಗೆ ಅಮ್ಮ ಅಡುಗೆಮನೆಯಿಂದ ಓಡಿ ಬಂದರು.

“ಯಾಕೆ ಕೂಗಿದೆ?” ಎಂದಳು ಗುಸಕಿ.

“ಹೇಳದೆ ಕೇಳದೆ ಚರ್ಮ ಸುಲಿದ್ರೆ ಕೂಗ್ದೆ ಇನ್ನೇನು ಮಾಡಲಿ?”

“ಇನ್ನೊಂದು ತೋಳು ಕೊಡು.” ಈ ಸಲ ಅವಳ ದನಿ ಪಾರ್ಲರಿನದು, ಮನೆಯಲ್ಲಿ ಯಾರೂ ಕೇಳಿರದದ್ದು. “ಈಗ ಬಿಸಿ ತಾಗುತ್ತೆ, ಸುಡಲ್ಲ. ಬಟ್ಟೆ ಒತ್ತುತ್ತಿದೀನಿ. ಮೂರು ಎಣಿಸಿ ಎಳೀತೀನಿ, ನೀನು ಉಸಿರು ಬಿಡು. ಒಂದು, ಎರಡು.” ಎಳೆದೇಬಿಟ್ಟಳು. ಅಣ್ಣ ಕೂಗಲಿಲ್ಲ, ತೋಳನ್ನೇ ನೋಡಿಕೊಂಡ.

ಅವಳನ್ನೂ ಮೊದಲ ವರ್ಷ ಗಿರಾಕಿಗಳು ಆ ಮೂಗಿ ಬೇಡ ಎನ್ನುತ್ತಿದ್ದರಂತೆ. ಹೊಸ ಮಾತು ಹುಡುಕಲು ಹೋದರೆ ನಾಲಿಗೆ ಕಟ್ಟುತ್ತದೆ, ಕೈ ಮಾಡುತ್ತಿರುವುದನ್ನೇ ಬಾಯಿ ಹೇಳುತ್ತಾ ಹೋದರೆ ಸಾಕು, ಅಷ್ಟೇ ಗುಟ್ಟು ಎಂದಳು. ಅವಳು ಒಂದೇ ಉಸಿರಿಗೆ ಅಷ್ಟು ಆಡಿದ್ದನ್ನು ನೋಡಿ ಅಮ್ಮ ಸೌಟು ಹಿಡಿದವರು ಹಾಗೇ ನಿಂತರು.

ಅಪ್ಪ ಕೆಲಸದಿಂದ ಬಂದು ಚೀಲ ಇಳಿಸಿದ್ದೇ ತಡ, ಗುಸಕಿ ಅವರನ್ನು ನೆಲದ ಮೇಲೆ ಮಲಗಿಸಿದಳು. ಎಡಗಾಲಿಗೆ ಪೆಟ್ಟು ಬಿದ್ದಿದೆ, ಬಾಯಿ ಮುಚ್ಚಿಕೊಂಡು ನರಳಬೇಕು ಎಂದು ಅಪ್ಪಣೆಯಾಯಿತು. ನರಳುವುದಕ್ಕೂ ಬಾಯಿ ಬೇಕಲ್ಲೇ ಎಂದು ಅಪ್ಪ ಗೊಣಗಿದರು, ಆಮೇಲೆ ಕಣ್ಣು ಮುಚ್ಚಿದರು. ಅಣ್ಣ ಮಂಡಿಯೂರಿದ. ಕೈಗಳು ಓಡಿದವು, ತುಟಿ ಅಲುಗಲಿಲ್ಲ. ಹತ್ತು ಸೆಕೆಂಡು ಹೋಯಿತು. ಗುಸಕಿ ಏನೂ ಹೇಳಿಕೊಡಲಿಲ್ಲ. ಇವನಿಗೆ ಆಗುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

“ಅಪ್ಪ, ಕಾಲಿಗೆ ಪಟ್ಟಿ ಹಾಕ್ತಿದೀನಿ,” ಎಂದ ಅಣ್ಣ. ದನಿ ಒರಟಾಗಿತ್ತು, ಆದರೂ ಬಂತು. “ಬಿಗಿ ಮಾಡ್ತೀನಿ, ನೋಯುತ್ತೆ. ನೋವಾದ್ರೆ ನನ್ನ ತೋಳು ಹಿಡ್ಕೊಳ್ಳಿ. ರಕ್ತ ನಿಂತಿದೆ. ಸಮಯ ಬರೀತಿದೀನಿ, ಆರೂ ಇಪ್ಪತ್ತು. ನೀವು ಚೆನ್ನಾಗಿ ಉಸಿರಾಡ್ತಿದೀರಿ. ನಾನು ಇಲ್ಲೇ ಇದೀನಿ ಅಪ್ಪ, ನಿಮ್ಮನ್ನ ಬಿಟ್ಟು ಎಲ್ಲೂ ಹೋಗಲ್ಲ.”

ಗುಸಕಿ ಗಡಿಯಾರ ನೋಡಿದಳು. ಐವತ್ತೊಂದು ಸೆಕೆಂಡು. ನಾಳೆ ರೈಲಿನಲ್ಲಿ ಕೂತು ಪಕ್ಕದವನ ಕಾಲಿಗೆ ನಾಲ್ಕು ಸಲ ಕಟ್ಟಿದರೆ ನಲವತ್ತರ ಮೇಲಿನ ಆ ಹನ್ನೊಂದೂ ಇಳಿಯುತ್ತದೆ ಎಂದಳು. ಅಮ್ಮ ನಕ್ಕರು. ಅಣ್ಣ ಪಟ್ಟಿಯನ್ನು ಸಡಿಲ ಮಾಡಿ ಬಿಚ್ಚಿಕೊಂಡ. ಅಪ್ಪ ಮಾತ್ರ ಏಳಲಿಲ್ಲ. ಮಗನ ತೋಳು ಹಿಡಿದ ಕೈ ಹಾಗೇ ಇತ್ತು, ಕಣ್ಣು ಇನ್ನೂ ಮುಚ್ಚಿತ್ತು.

“ಆ ಕೊನೇ ಮಾತು ಇನ್ನೊಂದ್ಸಲ ಹೇಳಪ್ಪ,” ಎಂದರು.