ನಲವತ್ತೇಳನೆಯ ಬಾಂದುಕಲ್ಲು

ವೈಡೆನ್‌ಬ್ರುನ್ ಪುರಸಭೆಯ ನಕ್ಷೆ ನೋಡಿದರೆ ಯಾರೋ ಮೂರು ಕಡೆಯಿಂದ ಕಚ್ಚಿ ತಟ್ಟೆಯಲ್ಲೇ ಬಿಟ್ಟುಹೋದ ರೊಟ್ಟಿಯ ನೆನಪಾಗುತ್ತದೆ. ಕಚ್ಚಿದ್ದು ನಗರ. ಪೂರ್ವಕ್ಕೆ ನಗರದ ಟ್ರಾಮ್ ಡಿಪೋ, ಉತ್ತರಕ್ಕೆ ಮೇಜು ಕುರ್ಚಿ ಮಾರುವ ಅದರ ದೊಡ್ಡ ಮಳಿಗೆಗಳು, ಪಶ್ಚಿಮಕ್ಕೆ ಹೆದ್ದಾರಿ. ದಕ್ಷಿಣಕ್ಕೆ ಮಾತ್ರ ದ್ರಾಕ್ಷಿತೋಟದ ಇಳಿಜಾರು, ಅದರ ಕೆಳಗೆ ಮೈನ್ ನದಿ. ನದಿಯನ್ನು ಕಚ್ಚಲು ಬರುವುದಿಲ್ಲವೆಂದು ನಗರ ಆ ಕಡೆ ಸುಮ್ಮನಿದೆ. ಇಷ್ಟರ ನಡುವೆ ನಾಲ್ಕು ಸಾವಿರ ಜನ, ಒಂದು ಇಗರ್ಜಿ, ಮುಚ್ಚಿದ್ದೂ ಸೇರಿ ಎರಡು ಬೇಕರಿ, ಊರಿಗೆ ಹೆಸರು ಕೊಟ್ಟ ಒಂದು ಒರತೆ ಮತ್ತು ನೂರಾ ಹನ್ನೆರಡು ಬಾಂದುಕಲ್ಲುಗಳು.

ಊರಿನ ಚರಿತ್ರೆಯೂ ಹೆಚ್ಚೇನಿಲ್ಲ. ನಾಲ್ಕು ಶತಮಾನದ ಹಿಂದೆ ಸ್ವೀಡನ್ನಿನ ಸೈನ್ಯ ಬಂದು ಸುಟ್ಟಿತು, ಆಮೇಲೆ ಪ್ಲೇಗು ಬಂದು ಉಳಿದವರನ್ನು ನೋಡಿಕೊಂಡಿತು. ಸಾವಿರದ ಒಂಬೈನೂರ ನಲವತ್ತೈದರಲ್ಲಿ ನಗರದ ಮೇಲೆ ಬಾಂಬು ಬಿದ್ದಾಗ ಊರಿನ ಹಳೆಯ ನಕ್ಷೆಗಳಿದ್ದ ಕಚೇರಿ ಬೂದಿಯಾಯಿತು. ಮರುವರ್ಷ ಪೂರ್ವದಿಂದ ಕೈಗಾಡಿ ಎಳೆದುಕೊಂಡು ನಿರಾಶ್ರಿತರು ಬಂದರು. ಅವರ ಮೊಮ್ಮಕ್ಕಳನ್ನೂ ಊರು ಇನ್ನೂ ಹೊಸಬರೆಂದೇ ಕರೆಯುತ್ತದೆ. ಎಪ್ಪತ್ತೆಂಟರಲ್ಲಿ ಸರ್ಕಾರ ಸುತ್ತಲಿನ ಐದು ಊರುಗಳನ್ನು ನಗರದ ಬಾಯಿಗೆ ಹಾಕಿತು, ವೈಡೆನ್‌ಬ್ರುನ್ ಹೇಗೋ ಉಳಿಯಿತು. ಹೇಗೆಂದು ಯಾರಿಗೂ ಗೊತ್ತಿಲ್ಲ, ಆದರೆ ಉಳಿಸಿದ್ದು ತನ್ನ ಅಪ್ಪನೇ ಎಂದು ಪ್ರತಿಯೊಬ್ಬನೂ ಹೇಳುತ್ತಾನೆ.

ಆ ನೂರಾ ಹನ್ನೆರಡು ಕಲ್ಲುಗಳನ್ನು ಕಾಯುವವರು ಏಳ್ವರು. ಊರಿನಲ್ಲಿ ಆಣೆಯಿಟ್ಟು ಆರಿಸಿದ ಏಳು ಜನ. ಹುದ್ದೆ ಸಾಯುವ ತನಕ. ಪ್ರತಿ ಕಲ್ಲಿನ ಅಡಿಯಲ್ಲಿ ಅವರು ಸುಟ್ಟ ಮಣ್ಣಿನ ಮೂರು ಬಿಲ್ಲೆಗಳನ್ನು ಒಂದು ಗುಟ್ಟಿನ ಕ್ರಮದಲ್ಲಿ ಇಡುತ್ತಾರೆ. ಕಳ್ಳರು ಯಾರಾದರೂ ಕಲ್ಲು ಸರಿಸಿದರೆ ಬಿಲ್ಲೆಗಳು ಸಾಕ್ಷಿ ಹೇಳುತ್ತವೆ. ಕ್ರಮ ಯಾವುದೆಂದು ಎಲ್ಲಿಯೂ ಬರೆದಿಟ್ಟಿಲ್ಲ, ಹೆಂಡತಿಗೂ ಹೇಳುವಂತಿಲ್ಲ, ಈ ಕಥೆ ಹೇಳುವವರಿಗೂ ತಿಳಿಯದು. ಏಳ್ವರೊಳಗೆ ಹಿರಿಯ ಕಿರಿಯರೆಂಬ ಬಹುವಚನವಿಲ್ಲ, ಎಲ್ಲರೂ ನೀನು. ಇನ್ನೊಂದು ಕಟ್ಟಳೆಯಿದೆ: ಬಿಲ್ಲೆ ಇಡಲು ಗುಂಡಿಗಿಳಿದವನನ್ನು ಆಮೇಲೆ ಯಾರೂ ಏನೂ ಕೇಳಬಾರದು. ಅವನು 'ಆಯ್ತು' ಎಂದರೆ ಆಯಿತು.

ಏಳ್ವರಲ್ಲಿ ಈಗ ಉಳಿದವರು ಮೂವರು. ಮುಂದಾಳನ್ನು ಅವರು ಹಿರಿಯ ಎನ್ನುತ್ತಾರೆ, ಈಗ ಅದು ಕಿಲಿಯಾನ್, ಎಪ್ಪತ್ತೆಂಟು ವರ್ಷ, ಸುಣ್ಣಕಲ್ಲಿನ ಗಣಿಯಲ್ಲಿ ದುಡಿದು ಮೊಣಕಾಲು ಸವೆಸಿಕೊಂಡವನು. ಹೆಡ್‌ವಿಗ್, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಏಳ್ವರಲ್ಲಿ ಮೊದಲ ಹೆಂಗಸು, ಅದರ ಮೇಲೆ ಕೈಗಾಡಿಯವರ ಮಗಳು. ಮೂರನೆಯವನು ಆಲ್ಬಾನ್, ತೊಂಬತ್ತು ದಾಟಿ, ವೃದ್ಧಾಶ್ರಮದ ಕಿಟಕಿಯ ಪಕ್ಕ ಕೂತಿರುತ್ತಾನೆ. ತನ್ನ ಹೆಂಡತಿಯ ಹೆಸರು ಮರೆತಿದ್ದಾನೆ, ಬಿಲ್ಲೆಯ ಗುಟ್ಟು ಮರೆತಿಲ್ಲ. ಊಟ ಕೊಡಲು ಬಂದ ನರ್ಸುಗಳಿಗೆಲ್ಲ ದಿನಾ ಅದನ್ನು ಹೇಳುತ್ತಾನೆ, ಪುಣ್ಯಕ್ಕೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಸ್ವೀಡನ್ನಿನವರು ನನ್ನ ಹಸು ಹೊಡೆದುಕೊಂಡು ಹೋದರು ಎನ್ನುತ್ತಾನೆ, ಒಂದು ಕಲ್ಲನ್ನು ಎರಡು ಸಲ ಎತ್ತಿದೆವು ಎನ್ನುತ್ತಾನೆ. ಕಿಲಿಯಾನ್ ಭಾನುವಾರ ಹೋಗಿ, ಹೌದು ಹೌದು ಎಂದು ತಲೆಯಾಡಿಸಿ ಬರುತ್ತಾನೆ.

ಆ ಚಳಿಗಾಲದ ಕೊನೆಗೆ ಟ್ರಾಮ್ ಹಳಿ ಅಗಲಿಸಲು ಬಂದ ನಗರದ ಅಗೆಯುವ ಯಂತ್ರ ನಲವತ್ತೇಳನೆಯ ಕಲ್ಲಿಗೆ ತಾಗಿತು. ಕಲ್ಲು ಬೀಳಲಿಲ್ಲ, ಒಂದು ಮಗ್ಗುಲಿಗೆ ವಾಲಿತು. ಹೋಗಲಿ ಎಂದು ನೆಟ್ಟಗೆ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ನಗರದವರು ತಮ್ಮ ನಕ್ಷೆ ತೆಗೆದು, ಗಡಿ ಇರಬೇಕಾದದ್ದು ಇಲ್ಲಲ್ಲ, ನಾಲ್ಕು ಮೀಟರ್ ಒಳಗೆ ಎಂದರು. ಆ ನಾಲ್ಕು ಮೀಟರಿನಲ್ಲಿ ಒರತೆಯಿತ್ತು, ಅದರ ಮೇಲಿನ ಕಲ್ಲಿನ ಚಾವಣಿಯೂ ಇತ್ತು. ಪುರಸಭೆ ತನ್ನ ಎಪ್ಪತ್ತೊಂಬತ್ತರ ನಕ್ಷೆ ತೋರಿಸಿತು. ಎರಡಕ್ಕೂ ಹಿಂದಿನ ಮೂಲ ನಕ್ಷೆ ಬೂದಿಯಾಗಿತ್ತು. ಹನ್ನೊಂದು ತಿಂಗಳು ಕಾಗದ ಆ ಕಡೆ ಈ ಕಡೆ ಓಡಾಡಿದ ಮೇಲೆ ಇಬ್ಬರಿಗೂ ಸಾಕಾಗಿ, ಕಲ್ಲನ್ನೇ ಎತ್ತಿ ನೋಡುವುದೆಂದು ಒಪ್ಪಿ ಸಹಿ ಹಾಕಿದರು. ಅಡಿಯಲ್ಲಿ ಏಳ್ವರ ಬಿಲ್ಲೆಗಳಿದ್ದರೆ ಕಲ್ಲು ಇದ್ದಲ್ಲೇ ಗಡಿ. ಇಲ್ಲದಿದ್ದರೆ ನಗರದ ನಕ್ಷೆ.

ಮೇಯರ್ ಶ್ರೀಮತಿ ನೇಗೆಲೈನ್ ಈ ಸುದ್ದಿ ಹೇಳಲು ತಾವೇ ಕಿಲಿಯಾನನ ಮನೆಗೆ ಬಂದರು. ಅವರಿಗೆ ಸಂತೋಷವೋ ಸಂತೋಷ. ಗೆದ್ದೆವೆಂದೇ ಲೆಕ್ಕ, ಆ ಕಲ್ಲು ನೆಟ್ಟವರಲ್ಲಿ ನೀವೂ ಒಬ್ಬರಲ್ಲವೇ ಎಂದರು. ಕಿಲಿಯಾನ್ ಹೌದೆಂದು, ಕಾಫಿಯ ಬಟ್ಟಲನ್ನು ತಟ್ಟೆಯ ಮೇಲಿಟ್ಟ.

ನಲವತ್ತೇಳನೆಯ ಕಲ್ಲಿನ ಅಡಿಯಲ್ಲಿ ಏನೂ ಇರಲಿಲ್ಲ. ಅದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಎಪ್ಪತ್ತೊಂಬತ್ತರ ಅಕ್ಟೋಬರಿನಲ್ಲಿ ಅವನು ಏಳ್ವರಲ್ಲಿ ಹೊಸಬ, ಮೂವತ್ತಮೂರು ವರ್ಷ, ಅದು ಅವನ ಮೊದಲ ಕಲ್ಲು. ಅಂದು ಮಳೆ. ಹಿರಿಯ ಬುರ್ಕಾರ್ಡ್ ಮೂರು ಬಿಲ್ಲೆಗಳನ್ನು ಅವನ ಅಂಗೈಗೆ ಹಾಕಿ ಗುಂಡಿಗಿಳಿಸಿದ. ಉಳಿದವರು ಬೆನ್ನು ತಿರುಗಿಸಿ ಸುತ್ತ ನಿಂತರು. ಗುಂಡಿಯಲ್ಲಿ ಮೊಣಕಾಲುದ್ದ ನೀರು. ಬಿಲ್ಲೆಗಳನ್ನು ಜೇಬಿಗೆ ಹಾಕಿಕೊಂಡು ಬಕೆಟ್ಟಿನಿಂದ ನೀರು ಎತ್ತಿ ಸುರಿದ, ಜಲ್ಲಿ ಹಾಕಿ ತುಳಿದು ಸಮ ಮಾಡಿದ. ಮೇಲಿನಿಂದ ಯಾರೋ ಬೇಗ ಎಂದರು. 'ಆಯ್ತು' ಎಂದ. ನಾಲ್ವರು ಸೇರಿ ಕಲ್ಲು ಇಳಿಸಿದರು. ಸಂಜೆ ಹೋಟೆಲಿನಲ್ಲಿ ಹೊಸ ವೈನು, ಈರುಳ್ಳಿ ಕಡುಬು ಮುಂದಿಟ್ಟುಕೊಂಡು ಕೂತಾಗ ಮೂಗು ಒರೆಸಲು ಕರವಸ್ತ್ರ ತೆಗೆದ. ಒಂದು ಬಿಲ್ಲೆ ಜಾರಿ ನೆಲಕ್ಕೆ ಬಿತ್ತು. ಅದರ ಮೇಲೆ ಕಾಲಿಟ್ಟ. ಎದುರಿಗೆ ಕೂತಿದ್ದ ಬುರ್ಕಾರ್ಡ್ ಕಡುಬು ಕತ್ತರಿಸುತ್ತಿದ್ದ.

ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ಭಾನುವಾರವಾಗಿತ್ತು. ಆಮೇಲೆ ನೆಲ ಹೆಪ್ಪುಗಟ್ಟಿತು, ಆಮೇಲೆ ಒಂದು ವರ್ಷವಾಯಿತು, ಒಂದು ವರ್ಷ ಹೇಳದ್ದನ್ನು ಹೇಳುವುದು ಹೇಗೆ? ಬಿಲ್ಲೆಗಳು ನೆಲಮಾಳಿಗೆಯ ಸಾಸಿವೆ ಡಬ್ಬಿಯಲ್ಲಿ ಕೂತವು. ಪ್ರತಿ ವಸಂತದಲ್ಲಿ ಏಳ್ವರು ಗಡಿ ಸುತ್ತಿ ಬಂದು ನಿಂತಾಗ ಬುರ್ಕಾರ್ಡ್ ಒಬ್ಬೊಬ್ಬನನ್ನೂ ಕೇಳುತ್ತಿದ್ದ, ಏನಾದರೂ ಹೇಳುವುದಿದೆಯಾ ಎಂದು. ಏನಿಲ್ಲ, ಎನ್ನುತ್ತಿದ್ದ ಕಿಲಿಯಾನ್. ಅದು ಸುಮ್ಮನೆ ಕೇಳುವ ವಾಡಿಕೆಯ ಮಾತು ಅಂದುಕೊಂಡಿದ್ದ. ತಾನು ಹಿರಿಯನಾದ ಮೇಲೆ ತಾನೂ ಹಾಗೇ ಕೇಳುತ್ತ ಬಂದ. ತೊಂಬತ್ತೊಂದರಲ್ಲಿ ಬುರ್ಕಾರ್ಡ್ ಹಾಸಿಗೆ ಹಿಡಿದಾಗ ಎರಡು ಸಲ ಹೇಳಿ ಕಳಿಸಿದ. ಸಾಯುವವನ ಮುಂದೆ ಸುಳ್ಳು ಹೇಳಬೇಕಾದೀತೆಂದು ಹೆದರಿ, ಕೆಮ್ಮು ಎಂದು ನೆವ ಹೇಳಿ, ಕಿಲಿಯಾನ್ ಹೋಗಲಿಲ್ಲ. ಮಣ್ಣಿಗೆ ಮಾತ್ರ ಹೋದ.

ನಲವತ್ತೈದು ವರ್ಷ ಹೀಗೆ ಹೊತ್ತುಕೊಂಡು ತಿರುಗಿದರೆ ಮನುಷ್ಯನಿಗೆ ಹೆದರಿಕೆಯೂ ಉಳಿಯುವುದಿಲ್ಲ, ಬರೀ ಆಯಾಸ ಉಳಿಯುತ್ತದೆ. ಕಲ್ಲು ಇದ್ದದ್ದು ಸರಿಯಾದ ಜಾಗದಲ್ಲೇ. ಅದನ್ನು ಅಳೆದು ನೆಟ್ಟಿದ್ದನ್ನು ಅವನು ಕಣ್ಣಾರೆ ನೋಡಿದ್ದ. ಆದರೆ ಸಾಕ್ಷಿಯೇ ಇಲ್ಲದ ಕಲ್ಲು. ತನ್ನೊಬ್ಬನ ಮರೆವಿಗೆ ಊರು ತನ್ನ ಒರತೆ ಕಳೆದುಕೊಳ್ಳುತ್ತದೆ. ನಿಜ ಹೇಳಿದರೂ ಕಳೆದುಕೊಳ್ಳುತ್ತದೆ. ಯಾವ ಕಡೆ ಹೊರಳಿದರೂ ಮುಳ್ಳು.

ಕಲ್ಲು ಎತ್ತುವ ಹಿಂದಿನ ದಿನದ ಮುಂಜಾವು ಅವನು ಡಬ್ಬಿ ತೆಗೆದು ಬಿಲ್ಲೆಗಳನ್ನು ಜೇಬಿಗೆ ಹಾಕಿಕೊಂಡ. ಎಲ್ಲಿಗೆ ಎಂದು ಹೆಂಡತಿ ಇರ್ಮಾ ಕೇಳಿದಳು. ಕಲ್ಲಿನ ಹತ್ತಿರ ಎಂದ. ಏಳ್ವರಲ್ಲೊಬ್ಬನ ಹೆಂಡತಿಯಾಗಿ ಅವಳಿಗೂ ಅಭ್ಯಾಸವಾಗಿತ್ತು, ಮುಂದೆ ಕೇಳಲಿಲ್ಲ. ಒರತೆಯ ಹತ್ತಿರ ಮಂಜು. ಮೊದಲ ಟ್ರಾಮು ಖಾಲಿಯಾಗಿ ಹೋಯಿತು. ಕಲ್ಲು ವಾಲಿದ ಕಡೆ ಅಡಿಯಲ್ಲಿ ಒಂದು ಗೇಣು ಸಂದು ಬಿಟ್ಟಿತ್ತು. ಮಲಗಿ, ಮೊಣಕೈ ತನಕ ತೂರಿಸಿ, ಕೈಗೆ ಎಟುಕಿದಷ್ಟು ಒಳಗೆ ಬಿಲ್ಲೆಗಳನ್ನು ಕುರುಡನಂತೆ ತಡವಿ ಜೋಡಿಸಿ ಮಣ್ಣು ಒತ್ತಿದ. ಎದ್ದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಊರಿಗಾಗಿ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡ, ಮನಸ್ಸು ಒಪ್ಪಲಿಲ್ಲ.

ಮರುದಿನ ಹತ್ತು ಗಂಟೆಗೆ ಮೇಯರ್, ನಗರದ ಇಬ್ಬರು ಅಧಿಕಾರಿಗಳು, ಸರ್ವೆಯವನೊಬ್ಬ ಮತ್ತು ಕ್ರೇನು. ಕಲ್ಲು ಮೇಲೆದ್ದು ಪಕ್ಕಕ್ಕೆ ಹೋಯಿತು. ಕಿಲಿಯಾನ್ ಕೈ ಎತ್ತಿದ. ಎಲ್ಲರೂ ಬೆನ್ನು ತಿರುಗಿಸಿದರು. ನಗರದ ಅಧಿಕಾರಿಗಳು ನಗುತ್ತ ತಿರುಗಿದರು, ಆದರೂ ತಿರುಗಿದರು. ಮೊಣಕಾಲು ಕೈಕೊಟ್ಟದ್ದರಿಂದ ಅವನು ಅಂಚಿನಲ್ಲೇ ಕೂತ, ಹೆಡ್‌ವಿಗ್ ಗುಂಡಿಗಿಳಿದು ಕರಣೆಯಿಂದ ಮಣ್ಣು ಕೆರೆದಳು.

ಅಂಚಿನ ಹತ್ತಿರ ಮೂರು ಬಿಲ್ಲೆಗಳು ಸಿಕ್ಕವು. ಸೊಟ್ಟಗೆ ಕೂತಿದ್ದವು. ಅವಳು ಒಂದನ್ನು ಎತ್ತಿ ಮೂಸಿದಳು, ಕಿಲಿಯಾನನ ಮುಖ ನೋಡಿದಳು, ಮತ್ತೆ ಕೆರೆದಳು. ನಟ್ಟನಡುವೆ, ಜಲ್ಲಿಯ ಕೆಳಗೆ ಕರಣೆ ಟಣ್ ಎಂದಿತು. ಅಲ್ಲಿ ಇನ್ನೂ ಮೂರು ಇದ್ದವು. ಮಣ್ಣು ಕಚ್ಚಿಕೊಂಡು ಕಪ್ಪಾಗಿದ್ದವು, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ ತಮ್ಮ ಕ್ರಮದಲ್ಲಿ ಕೂತಿದ್ದವು. ಬೆರಳಿನಿಂದ ಒರೆಸಿದಾಗ ಕಂಡವು ಕಂದು ಮೆರುಗಿನ ಹಳೆಯ ಬಿಲ್ಲೆಗಳು. ಅಂಥವು ಇದ್ದದ್ದು ಒಬ್ಬನ ಬಳಿ ಮಾತ್ರ, ಅಪ್ಪನಿಂದ ಬಂದವೆಂದು ಬುರ್ಕಾರ್ಡ್ ಅವನ್ನು ಯಾವ ಕಲ್ಲಿಗೂ ಕೊಡದೆ ಇಟ್ಟುಕೊಂಡಿದ್ದ.

ಕಿಲಿಯಾನ್ ಅಂಚಿನಿಂದ ಬಗ್ಗಿ ಅವನ್ನು ಗುರುತಿಸಿದ. ಬುರ್ಕಾರ್ಡ್ ನೋಡಿದ್ದ. ಕಡುಬು ಕತ್ತರಿಸುತ್ತಲೇ ನೋಡಿದ್ದ. ಆದರೆ ಈ ಕಲ್ಲು ಒಬ್ಬನಿಂದ ಏಳುವುದಲ್ಲ, ನಾಲ್ಕು ಜನ ಬೇಕು. ಅಂದರೆ ಉಳಿದವರೂ ಬಂದಿದ್ದರು. ಎಲ್ಲರಿಗೂ ಗೊತ್ತಿತ್ತು, ಅಷ್ಟು ವರ್ಷ ಅವನ ಜೊತೆ ಗಡಿ ಸುತ್ತಿದವರಿಗೆ, ವೈನು ಕುಡಿದವರಿಗೆ, ಒಬ್ಬೊಬ್ಬರಾಗಿ ಮಣ್ಣು ಸೇರಿದವರಿಗೆ.

"ಬಿಲ್ಲೆ ಇದಾವಾ?" ಬೆನ್ನು ಹಾಕಿಕೊಂಡೇ ಸರ್ವೆಯವನು ಕೇಳಿದ.

ಹೆಡ್‌ವಿಗ್ ಕಿಲಿಯಾನನ ಕಡೆ ತಿರುಗಿದಳು. ಹೊಸ ಮೂರನ್ನು ಅಂಗೈಯಲ್ಲಿಟ್ಟುಕೊಂಡು, ತಗ್ಗಿದ ದನಿಯಲ್ಲಿ, ಅವನೇ ಪ್ರತಿ ವಸಂತದಲ್ಲಿ ಅವಳನ್ನು ಕೇಳುವ ಹಾಗೆ ಕೇಳಿದಳು.

"ಏನಾದ್ರೂ ಹೇಳೋದಿದೆಯಾ, ಕಿಲಿಯಾನ್?"

ಏನಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನಲವತ್ತೈದು ವರ್ಷದಿಂದ ಅಲ್ಲೇ ಇತ್ತು.

"ಇದೆ," ಎಂದ ಅವನು, ಅಷ್ಟೇ ತಗ್ಗಿದ ದನಿಯಲ್ಲಿ. "ಎಪ್ಪತ್ತೊಂಬತ್ತರಲ್ಲಿ ಬಿಲ್ಲೆ ಇಡೋದು ಮರೆತೆ. ನಿನ್ನೆ ಬೆಳಿಗ್ಗೆ ಬಂದು ಕಳ್ಳನ ಥರ ಇಟ್ಟೆ. ನಿನ್ನ ಕೈಲಿರೋದು ನನ್ನವು. ನಡುವೆ ಇರೋದು ಬುರ್ಕಾರ್ಡ್‌ದು, ಅವು ನಿಜವಾದವು. ಈ ಹುದ್ದೆ ಬಿಟ್ಟುಬಿಡ್ತೀನಿ, ನೀನೇ ನಡೆಸ್ಕೊಂಡು ಹೋಗು."

"ಬಿಡೋಕೆ ಬರಲ್ಲ ಕಣೋ, ಸಾಯಬೇಕು," ಎಂದಳು ಹೆಡ್‌ವಿಗ್. "ಎಪ್ಪತ್ತೆಂಟಾಯ್ತು, ಒಂದು ಕೆಲಸ ಕದ್ದು ಮಾಡೋಕೂ ಬರಲ್ಲ ನಿಂಗೆ. ಸಾಸಿವೆ ವಾಸನೆ ಹೊಡೀತಿದೆ."

ಹೊಸ ಮೂರನ್ನು ಅವಳು ತನ್ನ ಜೇಬಿಗೆ ಹಾಕಿಕೊಂಡು, ಸರ್ವೆಯವನಿಗೆ ಕೇಳುವಂತೆ, ಇದ್ದಲ್ಲೇ ಇದಾವೆ, ಸರಿಯಾಗಿ ಇದಾವೆ, ಎಂದಳು. ಕಲ್ಲು ಮತ್ತೆ ಇಳಿಯಿತು. ಮೇಯರ್ ಇಬ್ಬರ ಕೈಯನ್ನೂ ಹಿಡಿದು ಕುಲುಕಿ, ಹೋಟೆಲಿನಲ್ಲಿ ಎಲ್ಲರಿಗೂ ಊಟವಿದೆ ಎಂದರು. ಕಿಲಿಯಾನ್ ಊಟಕ್ಕೆ ಹೋಗಲಿಲ್ಲ. ಬಸ್ಸು ಹತ್ತಿ ವೃದ್ಧಾಶ್ರಮಕ್ಕೆ ಹೋದ.

ಆಲ್ಬಾನ್ ಕಿಟಕಿಯ ಪಕ್ಕ ಕೂತು ಸೂಪು ಕುಡಿಯುತ್ತಿದ್ದ. ಅಂದು ಅವನಿಗೆ ಕಿಲಿಯಾನನ ಗುರುತು ಹತ್ತಲಿಲ್ಲ. ಹೊಸ ನರ್ಸೋ ಡಾಕ್ಟರೋ ಅಂದುಕೊಂಡನೇನೋ, ಹತ್ತಿರ ಬಾ ಎಂದು ಬೆರಳಿನಲ್ಲಿ ಕರೆದ. ಒಂದು ಕಲ್ಲನ್ನು ಎರಡು ಸಲ ಎತ್ತಿದ್ವಿ ಎಂದ.

ಕಿಲಿಯಾನ್ ಕುರ್ಚಿ ಎಳೆದುಕೊಂಡು ಕೂತ. ಈ ಮಾತನ್ನು ಅವನು ಎಷ್ಟೋ ಭಾನುವಾರ ಕೇಳಿದ್ದ, ಆದರೆ ಯಾಕೆ ಎತ್ತಿದ್ರಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿದ.

"ಹೊಸ ಹುಡುಗ ಮರೆತಿದ್ದ," ಎಂದ ಆಲ್ಬಾನ್. "ಒಳ್ಳೆ ಹುಡುಗ, ಕಿಲಿಯಾನ್ ಅಂತ. ನಾವು ಮಾರನೇ ದಿನ ಇಗರ್ಜಿ ಪೂಜೆ ತಪ್ಪಿಸಿ ಹೋಗಿ ಇಟ್ಟು ಬಂದ್ವಿ. ಅವನೇ ಬಂದು ಹೇಳ್ತಾನೆ, ಅಲ್ಲೀ ತನಕ ಯಾರೂ ಬಾಯಿ ಬಿಡಬೇಡಿ ಅಂದಿದ್ದ ಬುರ್ಕಾರ್ಡ್." ಚಮಚ ಕೆಳಗಿಟ್ಟು ಕಿಲಿಯಾನನ ತೋಳು ಹಿಡಿದ. "ನೀನೂ ಅವನಿಗೆ ಹೇಳ್ಬೇಡ. ಪಾಪ, ನೊಂದ್ಕೋತಾನೆ."

ಕಿಲಿಯಾನನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕರವಸ್ತ್ರ ತೆಗೆದ. ಈ ಸಲ ಅದರಿಂದ ಏನೂ ಬೀಳಲಿಲ್ಲ.

"ಇಲ್ಲ," ಎಂದ. "ಅವನಿಗೆ ಹೇಳಲ್ಲ."

ಆಲ್ಬಾನ್‌ಗೆ ಸಮಾಧಾನವಾಯಿತು. ಸೂಪು ಆರಿಹೋಗಿದೆ ಎಂದು ಗೊಣಗಿದ. ಕಿಲಿಯಾನ್ ಬಟ್ಟಲು ತೆಗೆದುಕೊಂಡು ಅದನ್ನು ಬಿಸಿ ಮಾಡಿಸಿಕೊಂಡು ಬರಲು ಎದ್ದ.