ಎಂಟನೆಯ ಪಿನ್ನು

"ನೀರು ಬಿಡುವವರು ಬೇಗ ಬನ್ನಿ, ಹೊತ್ತಾಗ್ತದೆ," ಎನ್ನುತ್ತ ಚಿತ್ತರಂಜನ ಮಾವ ತುಳಸಿ ಹಾಕಿದ ತಂಬಿಗೆಯನ್ನು ಅಪ್ಪನ ಶವದ ತಲೆಯ ಬಳಿ ಇಟ್ಟಾಗ, ಆಶಾಲತಾ ಸೆರಗಿನ ಗಂಟನ್ನು ಇನ್ನಷ್ಟು ಬಿಗಿದಳು. ಗಂಟಿನೊಳಗೆ ಕೆಂಪು ಪಟ್ಟಿಯ ಪಿನ್ನು ಇತ್ತು. ಆರ್ಥರ್ ಅಂಕಲ್ ಬಾರದಿದ್ದರೇ ಒಳ್ಳೆಯದಿತ್ತು ಅನ್ನಿಸಿ ಅವಳಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಅಂಗಳದ ಹೊರಗೆ ರಿಕ್ಷಾ ನಿಂತಿತು.

ಅಪ್ಪ ಮೋಹನದಾಸ ವಾಯುಸೇನೆಯಲ್ಲಿ ಸಿದ್ಧಮಾಡಿ ಕಳುಹಿಸುತ್ತಿದ್ದ ಸಾಗಣೆ ವಿಮಾನದಲ್ಲಿ ಸಿಬ್ಬಂದಿಯಾಗಿ ಹಾರುತ್ತಿದ್ದವರು ಆರ್ಥರ್. ಚಪ್ಪಲಿ ಬಿಡುತ್ತಲೇ ಅವರೆಂದರು, "ಯುದ್ಧದ ಹೊತ್ತಲ್ಲಿ ಸೈನಿಕರನ್ನು ಹೊತ್ತು ಲಂಕೆಗೆ ಇಪ್ಪತ್ತು ಸಲ ಹೋಗಿ ಬಂದೆ. ದಾಸ್ ನೋಡಿದ್ದಾನೆ ಅಂತ ಗೊತ್ತಿದ್ರೆ ಸಾಕು, ನನಗೆ ನಿದ್ರೆ ಬರ್ತಿತ್ತು."

"ಮೋಹನದಾಸಣ್ಣನಾ? ಬೀಗ ಹಾಕಿ ವಾಮಂಜೂರು ಪೇಟೆ ಮುಟ್ಟಿದವರು ಪುನಃ ಬಂದು ಎಳೆದು ನೋಡುವ ಜನ ಮಾರಾಯ್ರೆ," ಎಂದರು ನೆರೆಮನೆಯ ಶೀನಪ್ಪ. ಯಾರೋ ಮೆಲ್ಲಗೆ ನಕ್ಕರು.

ಆಶಾಲತಾ ನಗಲಿಲ್ಲ.

*

"ಹೆಗಲ ಮೇಲಿಟ್ಟು ವಿಮಾನಕ್ಕೆ ಹೊಡೆಯುವ ಕ್ಷಿಪಣಿ ಮಗಾ. ಎಂಜಿನ್ನಿನ ಬಿಸಿ ಹಿಡಿದೇ ಬರ್ತದೆ," ಆಸ್ಪತ್ರೆಯ ಮಂಚದಲ್ಲಿ ಅಪ್ಪ ಹೇಳಿದ್ದ. "ವಿಮಾನದಿಂದ ಅದಕ್ಕಿಂತ ಬಿಸಿಯ ಬೆಂಕಿಯುಂಡೆ ಉದುರಿಸಿದ್ರೆ ಅದರ ಹಿಂದೆ ಹೋಗ್ತದೆ."

ವಿಮಾನಕ್ಕೆ ಉಂಡೆಗಳ ಎಂಟು ಪೆಟ್ಟಿಗೆ, ಪೆಟ್ಟಿಗೆಗೊಂದು ಪಿನ್ನು. ಕೀಳದಿದ್ದರೆ ಆ ಪೆಟ್ಟಿಗೆ ಸಿಡಿಯದು. ವಿಮಾನ ಹೊರಡುವ ಮುಂಚೆ ಎಂಟನ್ನೂ ಕಿತ್ತು ಎಣಿಸಬೇಕು. ಕಳೆದ ವರ್ಷ ಜೂನಿನ ಒಂದು ಬೆಳಿಗ್ಗೆ ಅಪ್ಪ ಎಣಿಸಿದ್ದು ವಿಮಾನ ಮೋಡ ಸೇರಿದ ಮೇಲೆ. ಕಿಸೆಯಲ್ಲಿ ಏಳೇ ಇದ್ದವು. ಹೇಳಿದ್ದರೆ ವಾಪಸು ಕರೆಸುತ್ತಿದ್ದರು. ಹೇಳಲು ಬಾಯಿ ಬರಲಿಲ್ಲ. ಸಂಜೆ ಅದು ಇಳಿಯುವವರೆಗೂ ಬಿಸಿಲಲ್ಲೇ ನಿಂತಿದ್ದ. ಆಮೇಲೆ ಕಿತ್ತು ಕಿಸೆಗೆ ಹಾಕಿಕೊಂಡ ಎಂಟನೆಯದು ಮತ್ತೆ ಹೊರಗೆ ಬಂದದ್ದು ಈಗ, ಅವಳ ಅಂಗೈಗೆ.

"ಗೊತ್ತಿಲ್ಲದೆ ಆರ್ಥರ್ ನನ್ನ ಬಾಯಿಗೆ ನೀರು ಬಿಡುವುದು ಬೇಡ. ಹೇಳ್ತಿಯಾ?"

ಬಸ್ಸಿನಲ್ಲಿ ಇಳಿಯುವ ಸ್ಟಾಪು ಹೇಳಲೂ ಹೆದರುವ ಅವಳು ತಲೆಯಾಡಿಸಿದ್ದಳು.

*

ಆರ್ಥರ್ ಮಂಡಿಯೂರಿ ತುಳಸಿದಳವನ್ನು ನೀರಿಗೆ ಅದ್ದಿದರು.

"ಅಂಕಲ್." ಆಶಾಲತಾ ಸೆರಗಿನ ಗಂಟು ಬಿಚ್ಚಿ ಪಿನ್ನನ್ನು ಅವರತ್ತ ಚಾಚಿದಳು. "ಅಂಕಲ್, ಇದು ನಿಮ್ಮ ವಿಮಾನದ್ದು. ಜೂನಿನಲ್ಲಿ ಅಪ್ಪ ತೆಗೆಯಲು ಮರೆತದ್ದು. ಗೊತ್ತಾದ ಮೇಲೂ ಹೇಳಲಿಲ್ಲ."

ಅವಳ ಅಂಗೈಯ ಪಿನ್ನನ್ನು ಅವರು ಬೆರಳಿನಿಂದ ಹೊರಳಿಸಿ ನೋಡಿದರು. "ಆ ದಿನ ಮೂವತ್ತೆಂಟು ಜನ ಇದ್ದೆವು," ಎಂದರು, ಅವಳಿಗಷ್ಟೇ ಕೇಳುವಂತೆ.

"ಎಂತದು ಅದು?" ಮಾವ ಬಗ್ಗಿದರು. ಆಶಾಲತಾ ಮುಷ್ಟಿ ಮುಚ್ಚಿದಳು.

ಬಜಪೆಗೆ ಇಳಿಯುವ ವಿಮಾನದ ಸದ್ದು ಮಾಡಿನ ಮೇಲೆ ಹಾದುಹೋಯಿತು. ಆರ್ಥರ್ ತಲೆಯೆತ್ತಿದರು. ಸದ್ದು ಪೂರ್ತಿ ಅಡಗುವವರೆಗೂ ತುಳಸಿ ಹಿಡಿದ ಅವರ ಕೈ ಅಪ್ಪನ ತುಟಿಯ ಮೇಲೆ ಹಾಗೆಯೇ ನಿಂತಿತ್ತು.

ಆಮೇಲೆ ತುಳಸಿಯ ತುದಿಯಿಂದ ಹನಿಗಳು ಇಳಿಯತೊಡಗಿದವು. ಆಶಾಲತಾ ಎಣಿಸಿದಳು. ಏಳಕ್ಕೆ ಎಲೆ ಬರಿದಾಯಿತು. ಆರ್ಥರ್ ಅದನ್ನು ಮತ್ತೊಮ್ಮೆ ತಂಬಿಗೆಗೆ ಅದ್ದಿದರು.